ಕೆಲಸ ಬಿಟ್ಟ ಕಾರಣ: ರೇಡಿಯೋ

ಹೊಸ ಕೆಲಸಕ್ಕೆ ಅರ್ಜಿ ತುಂಬುತ್ತ ಕೂತಿದ್ದೇನೆ. ‘ಹಿಂದಿನ ಹುದ್ದೆ ಬಿಟ್ಟ ಕಾರಣ’ ಎಂಬಲ್ಲಿಗೆ ಬಂದು ಕೈ ನಿಂತಿತು. ನೀವೂ ಇಂಥದನ್ನು ತುಂಬಿರುತ್ತೀರಿ. ಎರಡು ಶಬ್ದ ಬರೆದು ಮುಂದೆ ಹೋಗಿರುತ್ತೀರಿ. ಅಲ್ಲಿ ‘ರೇಡಿಯೋ’ ಎಂದು ಬರೆಸಿದವರೊಬ್ಬರನ್ನು ನಾನು ಬಲ್ಲೆ.

ಕೆಲವು ವರ್ಷಗಳ ಹಿಂದೆ ಇಲ್ಲಿ ಪರದೇಶದಲ್ಲಿ, ಬೆರ್ರಿಯೆಸಾ ಎಂಬ ಬಡಾವಣೆಯ ಒಂದು ಲೈಬ್ರರಿಯಲ್ಲಿ ಶನಿವಾರ ಬೆಳಿಗ್ಗೆ ಜನರಿಗೆ ಅರ್ಜಿ ತುಂಬಿಕೊಡುತ್ತಿದ್ದೆ. ಸೇವೆ ಎಂದು ಹೇಳಿಕೊಳ್ಳುತ್ತಿದ್ದೆ. ಮನೆಯ ಲಾಂಡ್ರಿಯಿಂದ ತಪ್ಪಿಸಿಕೊಳ್ಳುವ ದಾರಿಯೂ ಅದೇ ಆಗಿತ್ತು. ಪಕ್ಕದ ಮೇಜು, ನನ್ನಂತೆಯೇ ಅರ್ಜಿ ತುಂಬಿಕೊಡುತ್ತಿದ್ದ ಉಡುಪಿಯ ಸುಜಾತಕ್ಕನದು. ಒಂದು ದಿನ ಇಸ್ತ್ರಿಯ ಕೋಟು ತೊಟ್ಟ, ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ನನ್ನೆದುರು ಕೂತರು. ಮಧ್ಯ ಆಫ್ರಿಕಾದ ಒಂದು ದೇಶದಲ್ಲಿ ಮಂತ್ರಿಯಾಗಿದ್ದರಂತೆ. ಈಗ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ ಬೇಕಿತ್ತು.

“ಮಿನಿಸ್ಟ್ರಾದ್ರೆ ಪಿಎ ಎಲ್ಲಿ ಮಾರಾಯ್ತಿ? ಇವತ್ತು ನೀನೇ ಪಿಎ, ಬರಿ,” ಎಂದರು ಸುಜಾತಕ್ಕ.

ಬರೆದೆ. ಶಾಲಾ ಮೇಷ್ಟ್ರು, ಜಿಲ್ಲಾಧಿಕಾರಿ, ಇಲಾಖೆಯ ಕಾರ್ಯದರ್ಶಿ, ಮಂತ್ರಿ. ದೊಡ್ಡ ಹುದ್ದೆಗಳನ್ನೆಲ್ಲ ಬಿಟ್ಟ ಕಾರಣ ಒಂದೇ: ರೇಡಿಯೋ. ಅಲ್ಲಿ ನೇಮಕವನ್ನೂ ವಜಾವನ್ನೂ ಮಧ್ಯಾಹ್ನದ ವಾರ್ತೆಯಲ್ಲಿ ಓದುತ್ತಿದ್ದರಂತೆ. ಸಂಬಂಧಪಟ್ಟವರಿಗೂ ಆಗಲೇ ಗೊತ್ತಾಗುವುದು. ವಾರ್ತೆ ಮುಗಿಯುವ ತನಕ ಹೆಂಡತಿ ಊಟ ಬಡಿಸುತ್ತಿರಲಿಲ್ಲ. ಡ್ರೈವರೂ ಅದೇ ವಾರ್ತೆ ಕೇಳುತ್ತಿದ್ದ. ವಜಾ ಎಂದು ಹೆಸರು ಓದಿದ ದಿನ ಸಂಜೆ ಕಾರು ಬರುತ್ತಿರಲಿಲ್ಲ. ಹೇಳುತ್ತ ಅವರೂ ನಕ್ಕರು, ನಾನೂ ನಕ್ಕೆ.

ಕಾರ್ಯದರ್ಶಿಗೂ ಮಂತ್ರಿಗೂ ನಡುವೆ ಹನ್ನೊಂದು ವಾರ ಖಾಲಿ ಇತ್ತು. ಕೇಳಿದೆ. ಒಂದು ಪ್ರಾಂತದ ಗವರ್ನರಾಗಿದ್ದೆ, ಬಿಟ್ಟದ್ದು ಬಡ್ತಿ ಸಿಕ್ಕಿ, ಎಂದರು.

ನನ್ನ ಆಫೀಸುಬುದ್ಧಿ ಎದ್ದು ಕೂತಿತು. ಹನ್ನೊಂದೇ ವಾರಕ್ಕೆ ಪ್ರಮೋಷನ್ನಾ ಸರ್, ಇದನ್ನು ಎಲ್ಲಕ್ಕಿಂತ ಮೇಲೆ ಹಾಕಬೇಕು, ಎಂದೆ.

ಅವರು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಆ ಹನ್ನೊಂದು ವಾರದ ಕತೆ ಹೇಳಿದರು. ಕಾಲೇಜಿನ ಮಕ್ಕಳು ಮೆರವಣಿಗೆ ಹೊರಟಿದ್ದರು. ಸೇತುವೆಯ ಬಳಿ ತಡೆಯಿರಿ, ಬೇಕಾದರೆ ಗುಂಡು ಹಾರಿಸಿ ಎಂಬ ಆದೇಶಕ್ಕೆ ಇವರು ಸಹಿ ಹಾಕಿದರು. ಸೈನಿಕರು ಹಾರಿಸಿದರು. ಮುಂದಿನ ತಿಂಗಳು ರೇಡಿಯೋ ಇವರನ್ನು ಮಂತ್ರಿ ಎಂದಿತು.

“ಎಷ್ಟು ಜನ?” ಎಂದೆ.

“ರೇಡಿಯೋದಲ್ಲಿ ಹೇಳಲಿಲ್ಲ. ನಾನೂ ಕೇಳಲಿಲ್ಲ.”

ಈ ಸಾಲು ಬಿಟ್ಟುಬಿಡಿ, ಇಲ್ಲಿ ಯಾರೂ ನೋಡಲು ಹೋಗುವುದಿಲ್ಲ ಎಂದವಳು ನಾನೇ. ಅವರು ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡು ತಮ್ಮ ಕೈಯಿಂದಲೇ ಅಷ್ಟನ್ನೂ ಬರೆದರು: ಹುದ್ದೆ, ವಾರಗಳು, ಆದೇಶ, ಬಡ್ತಿ.

ಮೂರು ವಾರ ಬಿಟ್ಟು ಮತ್ತೆ ಬಂದರು. ಶಾಲೆಯವರು ಕರೆದು ಆ ಸಾಲಿನ ಬಗ್ಗೆ ಕೇಳಿದರಂತೆ, ಇವರು ಹೇಳಿದರಂತೆ, ಕೆಲಸ ಕೊಡಲಿಲ್ಲ. ಮಕ್ಕಳ ಕೆಲಸ, ಅವರು ಮಾಡಿದ್ದು ಸರಿಯೇ, ಎಂದರು. ಗೋದಾಮಿನ ಕೆಲಸಕ್ಕೆ ಇನ್ನೊಂದು ಅರ್ಜಿ ತಂದಿದ್ದರು. ಆ ಸಾಲನ್ನು ಅದರಲ್ಲಿ ಮೊದಲೇ ತುಂಬಿದ್ದರು. ಉಳಿದದ್ದನ್ನು ನಾನು ಬರೆದುಕೊಟ್ಟೆ. ಆಮೇಲೆ ಅವರನ್ನು ಕಾಣಲಿಲ್ಲ.

ಈಗ ನನ್ನ ಅರ್ಜಿ. ಎಲ್ಲಕ್ಕಿಂತ ಮೇಲೆ ‘ಪ್ರಮೋಷನ್’ ಎಂದಿದೆ. ಅದಕ್ಕೆ ಒಂದು ತಿಂಗಳು ಮುಂಚೆ, ನಮ್ಮ ಟೀಮಿನಿಂದ ಯಾರನ್ನು ಕೆಲಸದಿಂದ ತೆಗೆಯಬಹುದು ಎಂದು ಮೇಲಿನವರು ಕೇಳಿದ್ದಕ್ಕೆ ಆರು ಹೆಸರು ಬರೆದುಕೊಟ್ಟಿದ್ದೆ. ಅದಕ್ಕೂ ಇದಕ್ಕೂ ಹೋಲಿಕೆಯಿಲ್ಲ, ಗೊತ್ತು; ನನ್ನ ಪಟ್ಟಿಯಿಂದ ಯಾರೂ ಸಾಯಲಿಲ್ಲ. ಆಮೇಲೆ ಅವರೇನಾದರೆಂದು ನಾನೂ ಕೇಳಲಿಲ್ಲ, ಅಷ್ಟೆ.

ಆ ಆರು ಹೆಸರುಗಳನ್ನು ಒಂದು ಹಾಳೆಯ ಮೇಲೆ ಬರೆಯಲು ಕೂತೆ. ಐದು ಬಂದವು. ಆರನೆಯದು ಸಿಗುವ ತನಕ ಈ ಅರ್ಜಿ ಇಲ್ಲೇ ಇರಲಿ.