ಕೊರೆಯಪ್ಪನ ಕೆಂಪು ಅಂಗಿ

ಅವನ ಕ್ಷೌರದಂಗಡಿಯಲ್ಲಿ ಕುರ್ಚಿ ಒಂದೇ, ಮಾತಿಗೆ ಮಾತ್ರ ಲೆಕ್ಕವಿಲ್ಲ. ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟಿದನೆಂದರೆ ಮುಗಿಯಿತು, ಎದ್ದು ಓಡುವಂತಿಲ್ಲ. ಅದಕ್ಕೇ ಓಣಿಯವರು ಅವನಿಗೆ ಕೊರೆಯಪ್ಪ ಎಂದು ಹೆಸರಿಟ್ಟಿದ್ದರು. ಕೈ ಮಾತ್ರ ಬಲು ಹಗುರ. ಹಗುರವಾಗದೆ ವಿಧಿಯಿರಲಿಲ್ಲ ಅನ್ನಿ. ರಕ್ತ ಕಂಡರೆ ಅವನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಗಲ್ಲ ಒಂದಿಷ್ಟು ಗೀರಿದರೂ ಗಿರಾಕಿಯೇ ಎದ್ದು ಇವನ ಮುಖಕ್ಕೆ ನೀರು ಚಿಮುಕಿಸಬೇಕಾಗುತ್ತಿತ್ತು.

ಇಂಥವನಿಗೆ ಸಿಕ್ಕ ಹೆಂಡತಿ ರಕ್ತದಾನಿಗಳ ಬಳಗದವಳು. ಶಿಬಿರವಿದ್ದ ದಿನ ಬಳಗದ ಕೆಂಪು ಅಂಗಿ ತೊಟ್ಟು ಹೊರಟರೆ ಅವಳ ನಡಿಗೆಯೇ ಬೇರೆ. ಕೊರೆಯಪ್ಪನೂ ಹಿಂದೆಯೇ ಹೋಗುತ್ತಿದ್ದ. ಮಂಚದ ಪಕ್ಕ ಸ್ಟೂಲು ಹಾಕಿಕೊಂಡು, ಸೂಜಿಗೆ ಬೆನ್ನು ತಿರುಗಿಸಿ, ಮಲಗಿದವರ ಜೊತೆ ಹರಟುವುದು ಅವನ ಕೆಲಸ. ಅದನ್ನು ಕೆಲಸವೆಂದು ಯಾರೂ ಹೇಳಿರಲಿಲ್ಲ, ಅದೇ ಅವನ ಸಂಕಟ. ಕೊನೆಗೆ ಎಲ್ಲರೂ ಫೋಟೋಗೆ ನಿಂತಾಗ ಅವನು ಬಿಸ್ಕತ್ತಿನ ಡಬ್ಬ ಹಿಡಿದು ಮೂಲೆ ಸೇರುತ್ತಿದ್ದ. ಒಂದು ತೊಟ್ಟೂ ಕೊಡದವನು ಬಳಗದವನು ಹೇಗಾದಾನು? ಬರೀ ಬಾಯಿ, ಜೊತೆಗೆ ಬಿಸ್ಕತ್ತಿನ ಖರ್ಚು ಬೇರೆ!

ಒಂದು ಭಾನುವಾರ ಹಟಕ್ಕೆ ಬಿದ್ದ. "ಇವತ್ತು ನಾನೂ ಕೊಡ್ತೀನಿ ಕಣೇ."

"ನೀವಾ? ಟೊಮೇಟೊ ಹೆಚ್ಚಿದ್ರೆ ಆಚೆ ಹೋಗಿ ನಿಲ್ಲೋರು!"

"ಆ ಅಂಗಿ ಹಾಕ್ಕೋಬೇಕು ಅಂದ್ರೆ ಕೊಡಬೇಕಲ್ಲ."

ಮಂಚ ಹತ್ತಿದ. ನರ್ಸ್ ಹತ್ತಿಯಿಂದ ತೋಳು ಒರೆಸಿದಳಷ್ಟೆ, ಸೂಜಿ ಇನ್ನೂ ಪೊಟ್ಟಣದಲ್ಲೇ ಇತ್ತು. ಕೊರೆಯಪ್ಪ ತಣ್ಣಗೆ ಮೂರ್ಛೆ ಹೋದ.

ಎಚ್ಚರವಾದಾಗ ಪರದೆಯ ಹಿಂದೆ ಮಲಗಿಸಿದ್ದರು. ನಾಚಿಕೆಯಿಂದ ಕಣ್ಣು ಬಿಡಲೂ ಮನಸ್ಸಾಗಲಿಲ್ಲ. ಪರದೆಯಾಚೆ ಪಿಟ್ಟೆಂಬ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಲಾರಿ ಡ್ರೈವರನ ದಪ್ಪ ದನಿ ಕೇಳಿತು, ಪ್ರತಿ ಶಿಬಿರಕ್ಕೂ ಬರುವ ಆಸಾಮಿ.

"ಸಿಸ್ಟರ್, ಆ ಕೊರೆಯೋರು ಎಲ್ಲಿ?"

"ಅವರಿಗೆ ಹುಷಾರಿಲ್ಲ. ನೀವು ಮಲಗಿ."

"ಅವರಿಲ್ದೆ ಹೆಂಗೆ ಮಲಗೋದು? ಸೂಜಿ ಅಂದ್ರೆ ನಂಗೆ ಪ್ರಾಣಭಯ. ಅವರ ಕೊರೆತಕ್ಕಿಂತ ಸೂಜಿನೇ ವಾಸಿ ಅನ್ನಿಸ್ತಿತ್ತು, ಅದಕ್ಕೇ ಕೊಡ್ತಿದ್ದೆ. ನಾನು ಬರ್ತೀನಿ."

ಚಪ್ಪಲಿಯ ಸದ್ದು ಬಾಗಿಲ ಕಡೆಗೆ ಸಾಗಿತು. ಕೊರೆಯಪ್ಪ ದಡಕ್ಕನೆ ಎದ್ದು ಪರದೆ ಸರಿಸಿದ.

"ಡ್ರೈವರಣ್ಣ, ನಿಲ್ಲಿ! ನಮ್ಮತ್ತೆ ಹಲ್ಲಿನ ಸೆಟ್ಟು ಕಳ್ಕೊಂಡ ಕಥೆ ಅರ್ಧಕ್ಕೇ ನಿಂತಿತ್ತಲ್ಲ..."

ಡ್ರೈವರ್ ನಿಟ್ಟುಸಿರು ಬಿಟ್ಟು ಮಲಗಿದ. ಅತ್ತೆಯ ಹಲ್ಲು ಸಿಗುವ ಮೊದಲೇ ಚೀಲ ತುಂಬಿತು.

ಫೋಟೋ ಹೊತ್ತಿಗೆ ಕೊರೆಯಪ್ಪ ಎಂದಿನಂತೆ ಬಿಸ್ಕತ್ತಿನ ಡಬ್ಬ ಎತ್ತಿಕೊಂಡ. ಹೆಂಡತಿ ಅದನ್ನು ಕಸಿದುಕೊಂಡು ಕೈಗೆ ಒಂದು ಕೆಂಪು ಅಂಗಿ ತುರುಕಿದಳು.

"ನಾನೇನೂ ಕೊಟ್ಟಿಲ್ವಲ್ಲೇ," ಎಂದ.

"ಮದುವೆಯಾದಾಗಿಂದ ನನ್ನ ರಕ್ತ ಕುಡೀತಿದ್ದೀರಿ. ರಕ್ತದ ವಿಷಯದಲ್ಲಿ ಈ ಬಳಗದಲ್ಲಿ ನಿಮಗಿಂತ ಹಳಬರು ಯಾರಿದ್ದಾರೆ? ಹಾಕ್ಕೊಂಡು ಬಾಯಿ ಮುಚ್ಚಿ ನಿಂತ್ಕೊಳ್ಳಿ."

ಅಂಗಿಯನ್ನೇನೋ ಹಾಕಿಕೊಂಡ. ಆದರೆ ಆ ಫೋಟೋದಲ್ಲಿ ನಡುವೆ ನಿಂತು ಬಾಯಿ ತೆರೆದಿರುವವನು ಅವನೊಬ್ಬನೇ. ಉಳಿದವರೆಲ್ಲ ಕ್ಯಾಮೆರಾ ಬಿಟ್ಟು ಅವನ ಕಡೆ ತಿರುಗಿ ನಗುತ್ತಿದ್ದಾರೆ.