ತಿರುವಿನಲ್ಲಿ ಹಿಂದೆ ಕೂತವಳು

ಮೊನ್ನೆ ಗರಗದ ನಮ್ಮ ಓಣಿಗೆ ಸಾಣೆ ಹಿಡಿಯುವವನು ಬಂದಿದ್ದ. ಈಗ ಇಂಥವರು ಅಪರೂಪ. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಪೆಡಲ್ ತುಳಿಯುತ್ತ, ತಿರುಗುವ ಕಲ್ಲಿಗೆ ನನ್ನ ಈಳಿಗೆಯನ್ನು ಒತ್ತಿ ಹಿಡಿದ. ಕಿಡಿ ಹಾರಿತು, ಹಿಂದೆಯೇ ಕಬ್ಬಿಣ ಉಜ್ಜಿದ ಸುಟ್ಟ ವಾಸನೆ. ಹೋದ ವರ್ಷವಾಗಿದ್ದರೆ ಆ ವಾಸನೆಗೆ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮೊನ್ನೆ ಕಟ್ಟೆಯ ಮೇಲೆ ಕೂತೇ ಇದ್ದೆ.

ಯಾಕೆ ಎಂಬುದನ್ನು ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳಿದರೆ ತಾಳಿಕೊಳ್ಳಿ. ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ ಮಾತ್ರ. ನೇರವಾಗಿ ಬರೆಯುವುದನ್ನು ಎಂಟನೆಯದರಲ್ಲಿ ಕಲಿಸುತ್ತಾರೇನೋ.

ನನ್ನ ತಮ್ಮ ಶಿವಾನಂದ ಬೈಕು ಹೊಡೆಯುವುದನ್ನು ನೀವು ಆಗ ನೋಡಬೇಕಿತ್ತು. ನಮ್ಮ ತವರು ಧಾರವಾಡದ ಮಾಳಮಡ್ಡಿ. ಅವನು ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರ ಹತ್ತಿರ ಕೆಲಸಕ್ಕಿದ್ದ. ಊರೂರು ತಿರುಗಿ ಹತ್ತಿಯ ನಮೂನೆ ತರುವುದು ಅವನ ಕೆಲಸ. ಮೀಸೆಗೆಲ್ಲ ಹತ್ತಿಯ ಎಳೆ ಮೆತ್ತಿಕೊಂಡು ಮನೆಗೆ ಬರುತ್ತಿದ್ದ. ಊಟಕ್ಕೆ ಕೂತರೂ ಅವನ ಬಾಯಲ್ಲಿ ರಸ್ತೆಯ ತಿರುವುಗಳದ್ದೇ ಮಾತು. "ತಿರುವಿನಾಗ ಗಾಡಿ ತಿರುಗಸೂದಲ್ಲ ಅಕ್ಕಾ, ಮಲಗಸೂದು. ಕಣ್ಣು ಎಲ್ಲಿ ನೋಡತೈತೋ ಗಾಡಿ ಅಲ್ಲೇ ಹೊಕ್ಕೈತಿ," ಎಂದು ರೊಟ್ಟಿಯನ್ನು ಗಾಳಿಯಲ್ಲಿ ಓರೆ ಮಾಡಿ ತೋರಿಸುತ್ತಿದ್ದ. ಅಪ್ಪ, "ಮೊದಲ ರೊಟ್ಟಿ ಬಾಯಾಗ ಮಲಗಸೋ," ಅನ್ನುತ್ತಿದ್ದರು.

ನನ್ನನ್ನು ಗರಗಕ್ಕೆ ಕೊಟ್ಟ ಮೊದಲ ವರ್ಷ, ನಾಗರ ಪಂಚಮಿಗೆ ಕರೆಯಲು ಅವನೇ ಬೈಕಿನಲ್ಲಿ ಬಂದ. ನಾನು ಹೊಸ ಇಳಕಲ್ ಸೀರೆ ಉಟ್ಟು ಒಂದೇ ಕಡೆ ಕಾಲು ಇಳಿಬಿಟ್ಟು ಕೂತೆ. ಆಗಿನ ಬೈಕುಗಳಿಗೆ ಎಡಗಡೆ, ಹಿಂದಿನ ಗಾಲಿಯ ಪಕ್ಕ, ಹೆಂಗಸರು ಕಾಲಿಡಲು ಒಂದು ಕಬ್ಬಿಣದ ಪಟ್ಟಿ ಇರುತ್ತಿತ್ತು. ಹೊರಡುವ ಮುಂಚೆ ಶಿವಾನಂದ ಪಾಠ ಹೇಳಿದ. "ನಾ ಯಾವ ಕಡಿ ವಾಲತೇನೋ ನೀನೂ ಆ ಕಡಿ ವಾಲು. ಆಗಲಿಲ್ಲಂದ್ರ ಜ್ವಾಳದ ಚೀಲದಂಗ ಕೂಡು. ಚೀಲ ತಾನಾಗಿ ಅಲಗಾಡೂದಿಲ್ಲ."

ಹೊಸ ಸೀರೆ ಉಟ್ಟ ಹೊಸ ಮದುಮಗಳಿಗೆ ಜೋಳದ ಚೀಲ ಎಂದರೆ ಹೇಗಾಗಬೇಡ. ನಾನು ಮುಖ ಊದಿಸಿಕೊಂಡೇ ಕೂತೆ.

ಶ್ರಾವಣದ ಜಿಟಿಜಿಟಿ ಮಳೆ ಬಂದು ನಿಂತಿತ್ತು. ಊರು ದಾಟಿದ ಮೇಲೆ ಒಂದು ಎಡ ತಿರುವು. ಶಿವಾನಂದ ಮೆಲ್ಲಗೆ ಗಾಡಿ ವಾಲಿಸಿದ. ಮೆಲ್ಲಗೇ, ಇದನ್ನು ಎರಡು ಸಲ ಬರೆಯುತ್ತಿದ್ದೇನೆ, ಅಂದು ಒಂದು ಸಲವೂ ಹೇಳಲಿಲ್ಲವಾದ್ದರಿಂದ. ರಸ್ತೆಯ ಅಂಚಿನಲ್ಲಿ ಎರೆಮಣ್ಣಿನ ರಾಡಿ ನಿಂತಿತ್ತು. ಗಾಡಿ ವಾಲಿದ ಹಾಗೆ ಆ ರಾಡಿ ನನ್ನ ಸೀರೆಯ ಅಂಚಿಗೆ ಹತ್ತಿರ ಬಂದಂತೆ ಕಂಡಿತು. ನಾನು ಸೀರೆ ಎತ್ತಿ ಹಿಡಿದು, ಇಡೀ ಮೈಯನ್ನು ಬಲಕ್ಕೆ ಎಳೆದುಕೊಂಡೆ. ಹೆದರಿಕೆಯಿಂದ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆದರಿಕೆಯಲ್ಲ, ಸೀರೆ. ಎದುರಿಗೆ ಒಂದು ಟ್ರ್ಯಾಕ್ಟರ್ ಕಂಡಿತು, ಮರುಕ್ಷಣ ಕರ್ರ್ ಎಂದು ಪಟ್ಟಿ ಟಾರಿಗೆ ಉಜ್ಜಿತು, ಆ ಸುಟ್ಟ ವಾಸನೆ ಬಂತು, ನಾವಿಬ್ಬರೂ ನೆಲದ ಮೇಲಿದ್ದೆವು.

ನನ್ನ ಎಡಗೈ ಮುರಿಯಿತು. ಅವನ ತಲೆಗೆ ಪೆಟ್ಟು ಬಿದ್ದು ಒಂದು ದಿನ ಮಂಪರಿನಲ್ಲಿದ್ದ. ದವಾಖಾನೆಯಲ್ಲಿ ಅಪ್ಪ ನನ್ನ ಮಂಚದ ಹತ್ತಿರ ನಿಂತು, "ಏನಾತವ್ವಾ?" ಎಂದು ಕೇಳಿದರು. ಪಕ್ಕದಲ್ಲಿ ನನ್ನ ಅತ್ತೆ, ರಾಡಿಯಾದ ಸೀರೆಯನ್ನು ಮುದ್ದೆ ಮಾಡಿ ಹಿಡಿದುಕೊಂಡು ನಿಂತಿದ್ದರು. ಬೈಕಿನ ಮೇಲೆ ಕೂಡಲೂ ಬಾರದ ಸೊಸೆ ಎನ್ನಿಸಿಕೊಳ್ಳುವುದು ನನಗೆ ಬೇಡವಾಗಿತ್ತು.

"ಶಿವ್ಯಾ ಭಾಳ ಜೋರ್ ಹೊಡ್ಯಾಕತ್ತಿದ್ದ ರೀ ಅಪ್ಪಾ," ಎಂದೆ.

ಅಷ್ಟೇ. ಇಂಥ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಒಂದು ಹೊತ್ತು ಇರುತ್ತದೆ. ನಾಳೆ ಹೇಳಿದರಾಯಿತು ಎನ್ನುತ್ತಿರುವಾಗಲೇ ಅದು ದಾಟಿಹೋಗುತ್ತದೆ.

ಶಿವಾನಂದನಿಗೆ ಬಿದ್ದದ್ದರ ನೆನಪೇ ಇರಲಿಲ್ಲ. ಅಕ್ಕ ಹೇಳಿದ ಮೇಲೆ ಮುಗಿಯಿತು ಎಂದು ನನ್ನ ಮಾತನ್ನೇ ನಂಬಿದ. ಬೈಕು ಹೊಟ್ಟೆಪಾಡು, ಬಿಡುವ ಹಾಗಿರಲಿಲ್ಲ. ಆದರೆ ಆ ಕಬ್ಬಿಣದ ಪಟ್ಟಿಯನ್ನೂ ಹಿಂದೆ ಕೂತವರು ಕಾಲಿಡುವ ಪಾದಾನುಗಳನ್ನೂ ಬಿಚ್ಚಿಸಿಬಿಟ್ಟ. ಅವನ ಹಿಂದೆ ಮತ್ತೆ ಯಾರೂ ಕೂಡಲಿಲ್ಲ. ಮದುವೆಯಾದ ಮೇಲೆ ಹೆಂಡತಿ ಮಹಾದೇವಿಯನ್ನು ಬಸ್ಸಿಗೆ ಹತ್ತಿಸಿ, ತಾನು ಬಸ್ಸಿನ ಹಿಂದೆ ಬೈಕಿನಲ್ಲಿ ಹೋಗುತ್ತಿದ್ದ. ಪ್ರತಿ ಪಂಚಮಿಗೆ ನನ್ನನ್ನು ಕರೆದೊಯ್ಯುವುದೂ ಹಾಗೆಯೇ. ನಾನು ಕಿಟಕಿಯಿಂದ ಹೊರಳಿ ನೋಡಿದರೆ ಅವನು, ತಿರುವು ಬಂದಲ್ಲೆಲ್ಲ ಗಾಡಿಯನ್ನು ಕಂಬದಂತೆ ನೆಟ್ಟಗೆ ಹಿಡಿದುಕೊಂಡು, ಹಿಂದಿನ ಗಾಡಿಗಳವರಿಂದ ಹಾರ್ನ್ ಹೊಡೆಸಿಕೊಳ್ಳುತ್ತ ಬರುತ್ತಿದ್ದ. ಓಣಿಯವರು ಮಹಾದೇವಿಯನ್ನು, "ನಿಮ್ಮ ಮನಿಯವರು ಬಸ್ಸಿನ ಕಾವಲಿಗಿ ಅದಾರೇನ್ರಿ?" ಎಂದು ಚೇಷ್ಟೆ ಮಾಡುತ್ತಿದ್ದರು.

ಇನ್ನೊಂದು ಬದಲಾವಣೆ ಆಗಿತ್ತು. "ಅಕ್ಕಾ, ಬಾ, ಕೂಡು" ಎನ್ನುತ್ತಿದ್ದವನು "ಬರ್ರಿ, ಕೂಡ್ರಿ" ಅನ್ನತೊಡಗಿದ. ನಮ್ಮ ಕಡೆ 'ರಿ' ಇಲ್ಲದೆ ಮಾತೇ ಇಲ್ಲ, ನಿಜ. ಆದರೆ ಒಂದೇ ತಟ್ಟೆಯಲ್ಲಿ ಉಂಡ ತಮ್ಮನ ಬಾಯಲ್ಲಿ ಅದು ಬಂದಾಗ, ನನ್ನ ಮುರಿದ ಕೈಗೆ ಅವನು ದಂಡ ಕಟ್ಟುತ್ತಿದ್ದಾನೆ ಎನ್ನಿಸುತ್ತಿತ್ತು. ಕಟ್ಟಬೇಕಾದವಳು ಸುಮ್ಮನೆ ಕೂತು ಮರ್ಯಾದೆ ಪಡೆಯುತ್ತಿದ್ದೆ.

ಹೋದ ಪಂಚಮಿಗೆ ಮಾಳಮಡ್ಡಿಗೆ ಹೋಗಿದ್ದೆ. ಪಕ್ಕದ ಮನೆಯವರು ಹೊಸ ಬೈಕು ತಂದಿದ್ದರು. ಶಿವಾನಂದ ಅವರಿಗೆ ಬುದ್ಧಿ ಹೇಳುತ್ತಿದ್ದ. "ನಾ ಹುಚ್ಚರಂಗ ಹೊಡದು ನಮ್ಮಕ್ಕನ ಕೈ ಮುರಿದಾಂವ ಅದೇನಿ ನೋಡ್ರಿ. ಮೀಟರಿನ ಮುಳ್ಳು ಎಪ್ಪತ್ತರ ಮ್ಯಾಲಿತ್ತು. ಇನ್ನೂ ಕಣ್ಣಿಗೆ ಕಟ್ಟಿದಂಗ ಐತಿ."

ಮುಳ್ಳಿನ ಮಾತು ನಾನು ಯಾವತ್ತೂ ಆಡಿರಲಿಲ್ಲ. ನನ್ನ ಸುಳ್ಳು ಅವನ ತಲೆಯೊಳಗೆ ಬೇರು ಬಿಟ್ಟು, ಮೀಟರು, ಮುಳ್ಳು ಎಲ್ಲ ಚಿಗುರಿಸಿಕೊಂಡಿತ್ತು. ಪಕ್ಕದವರು ಹೋದ ಮೇಲೆ ಹೇಳಿಬಿಟ್ಟೆ.

"ಶಿವ್ಯಾ, ನೀ ಅವತ್ತ ಜೋರ್ ಹೊಡ್ಯಾಕತ್ತಿರಲಿಲ್ಲ. ನಾ ಸುಳ್ಳ ಹೇಳಿದ್ದೆ."

"ಏನ್ ಮಾತಾಡ್ತೀರಿ ಅಕ್ಕಾ. ನನಗ ಮುಳ್ಳು ನೆನಪೈತಿ."

"ನಿನಗ ಏನೂ ನೆನಪಿಲ್ಲ. ನಾ ಹೇಳಿದ್ದೇ ನಿನಗ ನೆನಪಾಗಿ ಕುಂತೈತಿ. ರಾಡಿಯಾಗ ಸೀರಿ ಹೊಲಸಾಗ್ತೈತಂತ ನಾ ಆಕಡಿ ಜಗ್ಗಿದೆ."

ಬಯ್ಯುತ್ತಾನೆ ಎಂದು ಕಾದೆ. ಅವನು ಕೇಳಿದ್ದು ಬೇರೆ.

"ಯಾವ ಕಡಿ ಜಗ್ಗಿದಿ?"

ಜಗ್ಗಿದಿ. 'ರಿ' ಉದುರಿಹೋಗಿತ್ತು. ಅವನಿಗೆ ಅದರ ಗಮನವೇ ಇರಲಿಲ್ಲ. ಪಡಸಾಲೆಯ ಬೆಂಚಿನ ಮೇಲೆ ಕುದುರೆ ಏರಿದಂತೆ ಕೂತು, ನನ್ನನ್ನು ಹಿಂದೆ ಕೂಡಿಸಿಕೊಂಡ. "ನಾ ಎಡಕ್ಕ ವಾಲತೇನಿ. ಅವತ್ತ ಹೆಂಗ ಮಾಡಿದ್ಯೋ ಹಂಗ ಮಾಡು." ಮಾಡಿದೆ. ಬೆಂಚು ಕಿರ್ ಎಂದಿತು. ಚಹಾ ತಂದ ಮಹಾದೇವಿ ತಲೆ ನರೆತ ನಮ್ಮಿಬ್ಬರನ್ನೂ ನೋಡಿ, "ಎಲ್ಲಿಗಿ ಹೊಂಟೀರಿ?" ಎಂದಳು.

"ತಡಿ ತಡಿ," ಎಂದ ಶಿವಾನಂದ. "ನೀ ಬಲಕ್ಕ ಜಗ್ಗಿದಿ. ಗಾಡಿ ಎದ್ದು ರೋಡಿನ ನಡಕ ಹೋಗಿರಬೇಕು. ಎದುರಿಗಿ ಏನರ ಬಂತೇನು?"

"ಟ್ರ್ಯಾಕ್ಟರ್."

"ಹಾಂ. ಅದನ್ನ ತಪ್ಪಸಾಕ ನಾ ಮೊದಲಿಗಿಂತ ಹೆಚ್ಚ ಮಲಗಿಸೇನಿ. ಗಾಡಿ ಮಲಗೂದಕ್ಕ ಒಂದು ಮಿತಿ ಐತಿ. ಟೈರಿನ ಮಿತಿ ಬ್ಯಾರೆ, ಕಬ್ಬಿಣದ ಮಿತಿ ಬ್ಯಾರೆ. ಟೈರು ಇನ್ನೂ ನೆಲ ಹಿಡಿದಿತ್ತು, ಆದ್ರ ಆ ಪಟ್ಟಿ ಮೊದಲ ನೆಲಕ್ಕ ಬಡದು ಹಿಂದಿನ ಗಾಲಿ ಎತ್ತಿ ಒಗದೈತಿ." ಅವನು ಬೆಂಚಿನ ಮೇಲೇ ತಿರುಗಿ ನನ್ನ ಮುಖ ನೋಡಿದ. "ಅಂದ್ರ ನಾ ಹೊಡದದ್ದು ಬರೋಬ್ಬರಿ ಇತ್ತು."

"ಬರೋಬ್ಬರಿ ಇತ್ತೋ. ನಿಂದೇನೂ ತಪ್ಪಿರಲಿಲ್ಲ."

ನಗುತ್ತಾನೆ ಎಂದುಕೊಂಡೆ. ಅವನ ಕಣ್ಣಲ್ಲಿ ನೀರು ತುಂಬಿಕೊಂಡಿತು. "ಅಪ್ಪ ಸಾಯೂತನಕ ನನ್ನ ಹಿಂದ ಕೂಡಲಿಲ್ಲ," ಎಂದ. ಆ ಸಂಜೆ ಅವನು ನನ್ನ ಕೂಡ ಮಾತಾಡಲಿಲ್ಲ. ಮರುದಿನ ಬಸ್ಸಿಗೆ ಹತ್ತಿಸಲೂ ಬರಲಿಲ್ಲ.

ಎಂಟು ಹತ್ತು ದಿನ ಬಿಟ್ಟು ಮಹಾದೇವಿಯ ಫೋನು. ಬೈಕಿಗೆ ಹಿಂದಿನ ಪಾದಾನು ಹಾಕಿಸಿದ್ದಾನಂತೆ. ಅವಳು ದಿನಾ ಸತ್ತೂರಿಗೆ ಕೆಲಸಕ್ಕೆ ಹೋಗುವವಳು. ಬಾ ಬಿಟ್ಟು ಬರುತ್ತೇನೆ ಎಂದು ಕರೆದನಂತೆ. "ಬಸ್ ಪಾಸ್ ತಿಂಗಳ ತನಕ ಐತಿ, ಮುಗೀಲಿ ಅಂದೆ. ಮೊದಲ ನಿಮ್ಮಕ್ಕನ್ನ ಕೂಡಿಸಿ ನೋಡ್ರಿ ಅಂತನೂ ಅಂದೆ," ಎಂದು ನಕ್ಕಳು.

ಮುಂದಿನ ರವಿವಾರ ಅವನು ಗರಗಕ್ಕೆ ಬಂದ. ನಾನು ಮಗಳ ಚೂಡಿದಾರ ಹಾಕಿಕೊಂಡು, ಜನ್ಮದಲ್ಲಿ ಮೊದಲ ಸಲ ಎರಡೂ ಕಡೆ ಕಾಲು ಹಾಕಿ ಬೈಕಿನ ಮೇಲೆ ಕೂತೆ. ಓಣಿಯ ಹೆಂಗಸರು ಕಟ್ಟೆಗೆ ಬಂದು ನಿಂತು ನೋಡಿದರು, ನೋಡಲಿ. ರಸ್ತೆ ಈಗ ಅಗಲವಾಗಿದೆ, ತಿರುವು ಮಾತ್ರ ಇದ್ದಲ್ಲೇ ಇದೆ. ಅವನ ಎಡ ಹೆಗಲ ಮೇಲಿಂದ ರಸ್ತೆ ಹೊರಳುವ ಕಡೆಗೇ ನೋಡುತ್ತ, ಅವನು ವಾಲಿದಷ್ಟೇ ವಾಲಿದೆ. ನೆಲ ಹತ್ತಿರ ಬಂತು, ಮತ್ತೆ ತಾನಾಗಿ ದೂರ ಹೋಯಿತು. ಮುಂದೆ ಹೋಗಿ ಗಾಡಿ ಹೊರಳಿಸಿದ ಮೇಲೆ, "ಇನ್ನೊಮ್ಮೆ ಹೋಗೂಣೇನು?" ಎಂದ. ಹೋದೆವು.

ಈಗ ಅವನು ಆಗಾಗ ರವಿವಾರ ಊಟಕ್ಕೆ ಬರುತ್ತಾನೆ, ಮಹಾದೇವಿಯನ್ನು ಹಿಂದೆ ಕೂಡಿಸಿಕೊಂಡು. ನಿನ್ನೆಯೂ ಬಂದಿದ್ದರು. ಬದನೆಕಾಯಿಯ ಎಣಗಾಯಿ ಮಾಡಿದ್ದೆ. ಒಂದು ತುತ್ತು ಬಾಯಿಗಿಟ್ಟವನೇ ಅವನು ತಟ್ಟೆಯನ್ನು ಅತ್ತ ಸರಿಸಿದ.

"ಅಕ್ಕಾ, ನಿನಗ ಕೈ ಹಿಡಿದು ಉಪ್ಪು ಹಾಕಾಕ ಬರೂದಿಲ್ಲೇನ? ಇಷ್ಟ ವರ್ಷ ಬಾಯಿ ಮುಚಗೊಂಡು ತಿಂದೇನಿ. ಇನ್ನ ನನ್ನ ಕೈಲೆ ಆಗೂದಿಲ್ಲ ನೋಡು."

"ರೀ," ಎಂದು ಮಹಾದೇವಿ ಅವನನ್ನು ತಿವಿದಳು. ನಾನು ನನ್ನ ತಟ್ಟೆಯಿಂದ ರೊಟ್ಟಿಯ ಒಂದು ತುತ್ತು ಮುರಿದು, ಎಣಗಾಯಿ ಹಚ್ಚಿಕೊಂಡು ತಿಂದು ನೋಡಿದೆ. ಹೌದು, ಉಪ್ಪು ಭಾಳ ಇತ್ತು.