ದೇವಸಮುದ್ರದ ಹೆಂಗಸರ ವಾಲಿಬಾಲ್ ಕೋರ್ಟಿಗೆ ಬೆಳಕು

ಹೈಸ್ಕೂಲಿನಲ್ಲಿದ್ದಾಗ ಶಾಂತಕುಮಾರಿ ಹೊಡೆದ ಸರ್ವಿಸನ್ನು ಎತ್ತುವ ಹುಡುಗಿಯರು ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಕಡಿಮೆ. ಜಿಲ್ಲಾ ತಂಡಕ್ಕೆ ಆಯ್ಕೆಯಾದ ವರ್ಷವೇ ಮದುವೆಯಾಯಿತು. ದೇವಸಮುದ್ರಕ್ಕೆ ಸೊಸೆಯಾಗಿ ಬಂದವಳು ಶೇಂಗಾ ಹೊಲ, ಕುರಿ, ಮಕ್ಕಳು ಎಂದು ಆಟವನ್ನೇ ಮರೆತಳು.

ಮರೆತಿದ್ದೇನೆ ಎಂದುಕೊಂಡಿದ್ದಳು, ಅಷ್ಟೆ. ಕೂಲಿ ಮುಗಿಸಿ ಹೆಂಗಸರ ಜೊತೆ ಬರುವಾಗ ಶಾಲೆಯ ಬಯಲಿನಿಂದ ಚೆಂಡೊಂದು ಉರುಳಿ ಬಂತು. ಬುತ್ತಿ ಚೀಲ ಕೆಳಗಿಟ್ಟು ಹೊಡೆದಳು. ಚೆಂಡು ನೆಟ್ಟನ್ನಷ್ಟೇ ಅಲ್ಲ, ಆಚೆಯ ಬೇವಿನ ಮರವನ್ನೂ ದಾಟಿತು.

"ಶಾಂತಕ್ಕಾ, ನಮಗೂ ಕಲಿಸು!" ಎಂದು ಜೊತೆಗಿದ್ದ ಆಶಾ ಬೆನ್ನು ಬಿದ್ದಳು. ಅವಳ ಹಿಂದೆ ಉಳಿದವರೂ.

ಆದರೆ ಹೊಲದಿಂದ ಬಂದು, ಒಲೆ ಹಚ್ಚಿ, ಮನೆಮಂದಿಗೆ ಬಡಿಸುವಷ್ಟರಲ್ಲಿ ಕತ್ತಲಾಗುತ್ತಿತ್ತು. ಹೆಂಗಸರೆಲ್ಲ ಸೇರಿ ತಳಕು ಊರಿನ ವೈರಿಂಗ್ ಕೆಲಸದ ಪಾಲಾಕ್ಷನನ್ನು ಕರೆಸಿದರು. ಶಾಲೆಯ ಬಯಲಿನ ವಾಲಿಬಾಲ್ ಅಂಕಣದ ಎರಡು ತುದಿಗಳ ಹಿಂದೆ ಹೇಗೂ ಕಂಬಗಳಿದ್ದವು. ಅವಕ್ಕೇ ಒಂದೊಂದು ದೊಡ್ಡ ಎಲ್‌ಇಡಿ ದೀಪ ಕಟ್ಟಿದ.

ಮೊದಲ ಸಂಜೆ ಊರಿಗೆ ಊರೇ ನೋಡಲು ಬಂತು. ಬಯಲೆಲ್ಲ ಬೆಳ್ಳಗಾಯಿತು. ಆಟ ಶುರುವಾದ ಮೇಲೆ ಗೊತ್ತಾಯಿತು: ನೆಟ್ಟಿನ ಮೇಲೆ ಬಂದ ಚೆಂಡು ಎದುರಿನ ದೀಪದ ಬೆಳಕಲ್ಲಿ ಕರಗಿ ಹೋಗುತ್ತಿತ್ತು. ತಲೆಯೆತ್ತಿದ ಆಶಾಳ ಕಣ್ಣು ಕೋರೈಸಿತು. ಚೆಂಡು ನೇರ ಮೂಗಿಗೇ ಬಡಿದು ರಕ್ತ ಸುರಿಯಿತು.

"ಸಾಕು ಬಿಡವ್ವ. ಮೂಗು ಮುರ್ಕೊಂಡು ಆಡೋ ಆಟ ಯಾಕ್ ಬೇಕು?" ಎಂದಳು ಶಾಂತಕುಮಾರಿಯ ಅತ್ತೆ ಹೊನ್ನಕ್ಕ. ಆಶಾಳ ಗಂಡ ಅವಳನ್ನು ಮತ್ತೆ ಕಳಿಸಲಿಲ್ಲ. ಒಬ್ಬೊಬ್ಬರೇ ಹಿಂದೆ ಸರಿದರು.

ಶಾಂತಕುಮಾರಿಗೆ ಅಳು ಬಂತು, ಸಿಟ್ಟೂ ಬಂತು. ಮರುದಿನ ಸಂಜೆ ದೀಪ ಹಚ್ಚಿ, ಖಾಲಿ ಅಂಕಣದ ಮೂಲೆ ಮೂಲೆಯಲ್ಲೂ ನಿಂತು ಮೇಲೆ ನೋಡಿದಳು. ನೆಟ್ಟಿನ ಕಡೆ ಮುಖ ಮಾಡಿದರೆ ಕಣ್ಣು ಕುಕ್ಕುತ್ತಿತ್ತು, ಪಕ್ಕಕ್ಕೆ ತಿರುಗಿದರೆ ಹಾಯೆನಿಸುತ್ತಿತ್ತು. ಪಾಲಾಕ್ಷನಿಗೆ ಫೋನ್ ಮಾಡಿ ಹೇಳಿದಳು.

"ಕಂಬ ಇದ್ವಲ್ಲ ಅಂತ ಅಲ್ಲೇ ಕಟ್‌ಬಿಟ್ವಿ ಅಕ್ಕ. ಚಳ್ಳಕೆರೆಯಾಗೆ ಒಂದು ಶಟಲ್ ಕೋರ್ಟ್ ಐತೆ, ನೋಡ್ಕೊಂಡು ಬರಾನ ಬಾ" ಎಂದ ಅವನು.

ಅಲ್ಲಿ ದೀಪಗಳೆಲ್ಲ ಅಂಕಣದ ಎರಡು ಪಕ್ಕಗಳಲ್ಲಿ, ಎತ್ತರದಲ್ಲಿ, ನೆಲ ನೋಡುವಂತೆ ಬಾಗಿದ್ದವು. ಶಾಂತಕುಮಾರಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೈಯಲ್ಲಿ ಚೆಂಡಿಲ್ಲದೆಯೇ ಎಗರಿ ಹೊಡೆದಳು. ಕಣ್ಣಿಗೆ ಏನೂ ಚುಚ್ಚಲಿಲ್ಲ. ಪಾಲಾಕ್ಷ ನಕ್ಕುಬಿಟ್ಟ. ದೀಪ ಕೊಂಡಿದ್ದ ಅಂಗಡಿಯವನು ದೊಡ್ಡವು ಎರಡನ್ನೂ ವಾಪಸ್ ತಗೊಂಡು, ಬೆಳಕು ಅಗಲವಾಗಿ ಹರಡುವ ಸಣ್ಣವನ್ನು ಕೊಟ್ಟ.

ಹಿಂದೆ ಸರಿದಿದ್ದ ಹೆಂಗಸರು ಸುದ್ದಿ ಕೇಳಿ ಮತ್ತೆ ಬಂದರು; ಈ ಸಲ ಗುಂಡಿ ತೋಡಿದ್ದು ಅವರೇ. ಪಕ್ಕದ ಗೆರೆಗಳಿಂದ ಆಚೆ, ಒಂದೊಂದು ಬದಿಗೆ ಎರಡೆರಡು ಎತ್ತರದ ಕಂಬ. ಪಾಲಾಕ್ಷ ಮೇಲೆ ಹತ್ತಿ ದೀಪ ತಿರುಗಿಸಿದರೆ, ಶಾಂತಕುಮಾರಿ ಕೆಳಗಿನಿಂದ ಕೂಗುತ್ತಿದ್ದಳು: "ಇನ್ನೊಂಚೂರು ಬಗ್ಗಿಸಪ್ಪ! ಹ್ಞಾ, ಅಲ್ಲೇ ಇರ್ಲಿ!"

ಆಶಾಳ ಗಂಡನನ್ನು ತಾನೇ ಕರೆತಂದು ಅಂಕಣದ ನಡುವೆ ನಿಲ್ಲಿಸಿ, ಅವನತ್ತ ಚೆಂಡು ಎಸೆದಳು. ಅವನು ತಪ್ಪದೆ ಹಿಡಿದ. ಮತ್ತೊಂದು ಎಸೆದಳು, ಅದನ್ನೂ ಹಿಡಿದ. "ಕಾಣ್ತೈತೆ" ಎಂದು ಒಪ್ಪಿಕೊಂಡ. ಆ ವಾರವೇ ಆಶಾ ಬಂದಳು.

ದೀಪಾವಳಿ ಕಳೆದ ಮೇಲೆ ಮೊಳಕಾಲ್ಮೂರಿನ ಹೆಂಗಸರ ತಂಡ ಆಡಲು ಬಂತು. ದೇವಸಮುದ್ರದವರು ಒಂದು ಸೆಟ್ ಗೆದ್ದು ಎರಡು ಸೋತರು. ಹೊನ್ನಕ್ಕ ಸೊಸೆಯ ಸರ್ವಿಸಿಗೆಲ್ಲ ಚಪ್ಪಾಳೆ ತಟ್ಟಿ, "ಇಷ್ಟು ವರ್ಷ ಇದನ್ನೆಲ್ಲ ಎಲ್ಲಿಟ್ಟಿದ್ದೆಯೇ?" ಎಂದು ಕೇಳಿದಳು.

ಹೊರಡುವ ಮುಂಚೆ ಎದುರು ತಂಡದ ನಾಯಕಿ ರಶ್ಮಿತಾ ಕಂಬಗಳನ್ನು ನೋಡುತ್ತ ನಿಂತಳು. "ಅಕ್ಕಾರೆ, ನಮ್ಮ ಕೋರ್ಟಿಗೂ ಲೈಟ್ ಹಾಕ್ಸಬೇಕು. ಕಂಬ ಎಲ್ಲಿ ನೆಡ್ಸಬೇಕು ಅಂತ ಬಂದು ಹೇಳ್ತೀರಾ?"

"ಬರ್ತೀನಿ. ಆದ್ರೆ ಅವತ್ತೇ ಇನ್ನೊಂದ್ ಮ್ಯಾಚ್ ಆಡ್ಬೇಕು ನೋಡು" ಎಂದಳು ಶಾಂತಕುಮಾರಿ.